ಆ ಚೀಟಿ ಓದಬಲ್ಲವರು

ಅಕ್ಕನ ಕಣ್ಣಿಗೆ ಎರಡನೆಯ ಔಷಧಿಯ ಹನಿ ಹಾಕಿಯಾಗಿತ್ತು. ಮೂರನೆಯದಕ್ಕೆ ಐದು ನಿಮಿಷ ಬಿಡಬೇಕು. ಅಕ್ಕ ಮಂಚದ ಅಂಚಿನಲ್ಲಿ ಗಲ್ಲವನ್ನು ಎದೆಗೆ ತಾಗಿಸಿಕೊಂಡು ಕೂತಿದ್ದಳು. ಆ ಐದು ನಿಮಿಷದಲ್ಲಿ ನಾನು ಅವಳ ದಿಂಬಿನ ಹೊದಿಕೆ ಬದಲಿಸಿ, ಬಚ್ಚಲಿನ ಒದ್ದೆ ಟವೆಲನ್ನು ಬಾಗಿಲ ಹೊರಗಿನ ಬುಟ್ಟಿಗೆ ಹಾಕಿ, ನೀರಿನ ಗ್ಲಾಸಿನ ಪಕ್ಕದ ಪುಟ್ಟ ತಟ್ಟೆಯಲ್ಲಿ ಎರಡು ನಾಣ್ಯವಿಟ್ಟು, ಅದರ ಕೆಳಗೊಂದು ಚೀಟಿ ಸಿಕ್ಕಿಸಿದೆ. ಚೀಟಿಯಲ್ಲಿ ಒಂದೇ ಪದ. ಆ ಊರಿನ ಲಿಪಿಯಲ್ಲಿ ಧನ್ಯವಾದ ಅಂತ. ಬಾಗಿಲಲ್ಲಿ ಅಡ್ಡಾದಿಡ್ಡಿ ಬಿಟ್ಟ ಮಕ್ಕಳ ಚಪ್ಪಲಿಗಳ ಹಾಗಿದ್ದವು ಅಕ್ಷರಗಳು. ನಾನದನ್ನು ಬರೆಯುತ್ತಿರಲಿಲ್ಲ, ಬಿಡಿಸುತ್ತಿದ್ದೆ.

"ಐದು ನಿಮಿಷ ಆಯ್ತಾ?" ಅಂದಳು ಅಕ್ಕ.

"ಮೂರಾಯ್ತು."

"ಈ ಊರಿನ ಗಡಿಯಾರಕ್ಕೂ ಸೋಮಾರಿತನ. ನೆಲದ ಹಾಸುಗಲ್ಲು ಎಷ್ಟಿವೆ ಗೊತ್ತಾ ನಿಂಗೆ? ನಲವತ್ತೆರಡು. ಬಾಗಿಲ ಹತ್ರದ್ದು ಒಂದು ಒಡೆದಿದೆ. ವಿದೇಶ ಹೇಗಿತ್ತು ಅಂತ ಯಾರಾದ್ರೂ ಕೇಳಿದ್ರೆ ಅದನ್ನೇ ಹೇಳ್ತೀನಿ."

ನಾವು ಅಲ್ಲಿಗೆ ಕಣ್ಣು ತೋರಿಸಲು ಹೋದವರಲ್ಲ. ಊರು ನೋಡಲು ಹೋದವರು. ಭಾವನದು ಬಣ್ಣದ ಅಂಗಡಿ. ಆ ವರ್ಷ ಹೆಚ್ಚು ಡಬ್ಬ ಮಾರಿದ ಅಂಗಡಿಯವರಿಗೆ ಕಂಪನಿ ಹತ್ತು ದಿನದ ಪ್ರವಾಸ ಕೊಟ್ಟಿತ್ತು. ಇಬ್ಬರಿಗೆ ಪೂರ್ತಿ ಬಿಟ್ಟಿ, ಮೂರನೆಯವರಿಗೆ ಅರ್ಧ ದರ. "ನನ್ನ ತಂಗಿ ಜೀವನದಲ್ಲಿ ಏನ್ ನೋಡಿದ್ದಾಳೆ, ಅವಳೂ ಬರ್ಲಿ" ಎಂದು ಅಕ್ಕ ಹಟ ಹಿಡಿದಳು. ಭಾವ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು ಮೂರನೆಯ ದಿನ ಆಗಲಿ ಅಂದರು. ಗಂಡ ತೀರಿಹೋದ ಮೇಲೆ, ಒಂಬತ್ತು ವರ್ಷದಿಂದ, ನಾನು ಅವರ ಮನೆಯಲ್ಲೇ ಇದ್ದೆ. ಅನ್ನ ಹಾಕಿದ ಕೈ. ಆ ಕೈಯಿಂದ ಅರ್ಧ ದರದ ಟಿಕೆಟ್ಟೂ ಬಂದಾಗ ಬೇಡ ಎನ್ನಲು ನನಗೆ ಬಾಯಿರಲಿಲ್ಲ.

ಆರನೆಯ ದಿನ ಬಸ್ಸಿನಲ್ಲಿ ಅಕ್ಕ, ಬಲಗಣ್ಣಿನ ಮೂಲೆಯಲ್ಲಿ ಯಾರೋ ಕಪ್ಪು ಪರದೆ ಎಳೆದ ಹಾಗಾಗುತ್ತಿದೆ ಅಂದಳು. ಸಂಜೆಯ ಹೊತ್ತಿಗೆ ಪರದೆ ಅರ್ಧಕ್ಕೆ ಬಂದಿತ್ತು. ಅವಳ ಎಡಗಣ್ಣು ಚಿಕ್ಕಂದಿನಿಂದಲೂ ಮಂಜು. ದೊಡ್ಡದೇನಾದರೂ ಕಂಡೀತು, ಅಕ್ಷರ ಕಾಣದು. ಇರುವುದು ಬಲಗಣ್ಣೊಂದೇ ಎಂದಾಗ ಆಸ್ಪತ್ರೆಯವರು ತಡ ಮಾಡಲಿಲ್ಲ. ಅಂದೇ ಕೊಯ್ದು, ಒಳಗೆ ಗಾಳಿಯ ಗುಳ್ಳೆ ತುಂಬಿ, ಕಿತ್ತುಹೋದ ಪೊರೆಯನ್ನು ಅದು ಒತ್ತಿ ಹಿಡಿದಿರುತ್ತದೆ ಅಂದರು. ಹಗಲೂ ರಾತ್ರಿ ಮುಖ ಕೆಳಗೆ ಮಾಡಿಯೇ ಇರಬೇಕು. ಗುಳ್ಳೆ ಕರಗುವ ತನಕ ವಿಮಾನ ಹತ್ತುವಂತಿಲ್ಲ. ಮೂರು ವಾರವಾಗಬಹುದು, ನಾಲ್ಕಾಗಬಹುದು.

ಜೊತೆಯಲ್ಲಿ ಬಂದವರೆಲ್ಲ ಕೈಬೀಸಿ ಹೊರಟರು. ಆಸ್ಪತ್ರೆಯ ಹಿಂದಿನ ಬೀದಿಯ ಒಂದು ಲಾಡ್ಜಿನಲ್ಲಿ, ಮೂರನೆಯ ಮಹಡಿಯ ಕೋಣೆಯಲ್ಲಿ, ನಾವು ಮೂವರು ಉಳಿದೆವು. ಎರಡು ಮಂಚ, ಒಂದು ಆರಾಮಕುರ್ಚಿ. ಕುರ್ಚಿ ನನ್ನದು.

ಭಾವನಿಗೆ ಅಲ್ಲಿ ಭಾಷೆಯ ತೊಂದರೆ ಇರಲಿಲ್ಲ. ಅವರ ಫೋನಿಗೆ ಕನ್ನಡದಲ್ಲಿ ಹೇಳಿದರೆ ಅದು ಆ ಊರಿನ ಭಾಷೆಯಲ್ಲಿ ಮಾತಾಡುತ್ತಿತ್ತು. ಹೆಂಗಸಿನ ದನಿ, ಸುಖದುಃಖವಿಲ್ಲದ್ದು. ನನ್ನ ಫೋನು ಗುಂಡಿ ಒತ್ತುವಂಥದು, ಆ ದೇಶದಲ್ಲಿ ಅದಕ್ಕೆ ಜೀವವೇ ಇರಲಿಲ್ಲ. ನಾನೊಂದು ಪುಟ್ಟ ಪುಸ್ತಕದಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ನೀರು, ಬಿಸಿ, ಬ್ರೆಡ್ಡು, ಹತ್ತಿ, ನಾಳೆ. ನಲವತ್ತು ಪದಗಳಾಗಿದ್ದವು.

"ನಮ್ಮ ದುಭಾಷಿ ಮೇಡಂ ಬಂದ್ರು" ಎನ್ನುತ್ತಿದ್ದರು ಭಾವ, ನಾನು ಅಂಗಡಿಯಿಂದ ಹಾಲು ತಂದಾಗ. "ಏನಂದ್ರಂತೆ ಅಂಗಡಿಯೋರು? ರಾಯಭಾರಿ ಕೆಲಸಕ್ಕೆ ಕರೀಲಿಲ್ವಾ?"

ಅವರು ಕೆಟ್ಟವರಲ್ಲ. ಆ ಊರು ಅವರನ್ನು ಹಣ್ಣು ಮಾಡಿತ್ತು. ಅದರಲ್ಲೂ ಈ ಟಿಪ್ಸ್ ಕೊಡುವ ವಿಷಯ. ಮೊದಲ ದಿನ ಪೆಟ್ಟಿಗೆ ಹೊತ್ತವನಿಗೆ ಕೊಟ್ಟದ್ದು ಕಡಿಮೆಯಾಯಿತೆಂದು ಅವನು ಅದನ್ನು ಭಾವನ ಅಂಗೈಗೇ ವಾಪಸು ಇಟ್ಟಿದ್ದ. ಹೋಟೆಲಿನಲ್ಲಿ ಬಿಲ್ಲಿನೊಳಗೇ ಸೇರಿಸಿದ್ದು ತಿಳಿಯದೆ ಎರಡು ಸಲ ಕೊಟ್ಟರು. ಟ್ಯಾಕ್ಸಿಯಲ್ಲಿ ಚಿಲ್ಲರೆ ಬಿಟ್ಟು ಇಳಿದರೆ, ಡ್ರೈವರು ಕಾರು ನಿಲ್ಲಿಸಿ ಬೀದಿಯುದ್ದ ಓಡಿಬಂದು, ಬೈದ ಹಾಗೆ ಏನೋ ಹೇಳಿ ಹಿಂತಿರುಗಿಸಿದ.

"ಕೊಟ್ರೂ ಮರ್ಯಾದೆ ಹೋಗುತ್ತೆ, ಕೊಡದಿದ್ರೂ ಹೋಗುತ್ತೆ. ಎಲ್ಲಿ ಯಾವುದು ಅಂತ ಒಂದು ಬೋರ್ಡಾದ್ರೂ ಹಾಕಬಾರ್ದಾ ಇವ್ರು?" ಎಂದಿದ್ದರು ಆಗ, ನಗುತ್ತಲೇ. ಆಸ್ಪತ್ರೆಯ ಬಿಲ್ಲು ಬಂದು, ವಿಮೆಯವರು ನುಣುಚಿಕೊಂಡ ಮೇಲೆ ನಗು ನಿಂತಿತು. "ಇನ್ಮೇಲೆ ಯಾರಿಗೂ ಬಿಡಿಗಾಸು ಇಲ್ಲ. ಕೇಳಿಸ್ತಾ? ಯಾರಿಗೂ."

ನನಗೂ ಕೇಳಿಸಿತ್ತು. ಆದರೆ ಆ ಮಹಡಿಯ ಕೋಣೆಗಳನ್ನು ಗುಡಿಸಿ ಒರೆಸಲು ಬರುವ ಹೆಂಗಸು ನನ್ನ ವಯಸ್ಸಿನವಳು. ಎಡ ಮಂಡಿ ಮಡಚಲಾರದೆ ಕಾಲನ್ನು ಪಕ್ಕಕ್ಕೆ ಚಾಚಿ ಮಂಚದ ಕೆಳಗೆ ಗುಡಿಸುತ್ತಿದ್ದಳು. ನೋಡಿಯೂ ನೋಡದ ಹಾಗಿರಲು ಆಗಲಿಲ್ಲ. ಊರಿನಲ್ಲಿ ನಾನು ಒಂದು ಹೊಲಿಗೆ ಅಂಗಡಿಗೆ ಕಾಜ, ಗುಂಡಿ, ಅಂಚು ಹೊಲಿದುಕೊಡುತ್ತೇನೆ. ಅದರಿಂದ ಉಳಿಸಿದ್ದನ್ನು ಹೊರಡುವ ಮೊದಲು ಆ ದೇಶದ ದುಡ್ಡಿಗೆ ಬದಲಾಯಿಸಿ, ಕರವಸ್ತ್ರದಲ್ಲಿ ಗಂಟು ಕಟ್ಟಿ ಇಟ್ಟುಕೊಂಡಿದ್ದೆ. ಅಕ್ಕನಿಗೂ ಹೇಳಿರಲಿಲ್ಲ. ಅದರಿಂದ ಒಂದು ನಾಣ್ಯ ತೆಗೆದು ದಿಂಬಿನ ಮೇಲೆ ಇಟ್ಟೆ.

ಅವಳು ಕೆಲಸ ಮುಗಿಸಿ ಹೋದ ಮೇಲೆ ನೋಡಿದರೆ ನಾಣ್ಯ ಮಡಚಿದ ಹೊದಿಕೆಯ ಮೇಲೆ, ನಟ್ಟನಡುವೆ, ಅಳತೆ ಹಿಡಿದು ಇಟ್ಟ ಹಾಗೆ ಕೂತಿತ್ತು. ಕಡಿಮೆಯಾಯಿತೇನೋ ಎಂದು ಮರುದಿನ ಎರಡು ಇಟ್ಟೆ. ಎರಡೂ ಜೋಡಿಯಾಗಿ ಕೂತಿದ್ದವು. ಮೂರನೆಯ ದಿನ ಮೂರು. ಅವಳಿಗೆ ಅಹಂಕಾರ ಎಂದುಕೊಂಡೆ. ಆಮೇಲೆ, ನನ್ನ ಮುಖ ನೋಡಿದರೆ ಕೊಡುವವಳ ಹಾಗೆ ಕಾಣುವುದಿಲ್ಲವೇನೋ ಎಂದೂ ಅನ್ನಿಸಿತು.

ನಾಲ್ಕನೆಯ ದಿನ ಅವಳೇ ನನ್ನ ತೋಳು ಹಿಡಿದು ಕರೆದಳು. ನಾಣ್ಯ ತೋರಿಸಿದಳು, ತನ್ನ ಏಪ್ರನ್ನಿನ ಜೇಬು ತೋರಿಸಿದಳು, ಎರಡು ಮಣಿಕಟ್ಟುಗಳನ್ನು ಜೋಡಿಸಿ ಬೇಡಿ ಹಾಕಿದ ಹಾಗೆ ಮಾಡಿದಳು. ಆಮೇಲೆ ಲಾಂಡ್ರಿ ಚೀಟಿಯ ಹಿಂಬದಿಯಲ್ಲಿ ಒಂದು ಪದ ಬರೆದು ಅದರ ಮೇಲೆ ನಾಣ್ಯಗಳನ್ನಿಟ್ಟು, ಎರಡನ್ನೂ ಎತ್ತಿ ಜೇಬಿಗೆ ಹಾಕುವ ಹಾಗೆ ನಟಿಸಿ, ನಕ್ಕಳು. ನನಗೆ ತಿಳಿಯಿತು. ಸುಮ್ಮನೆ ಬಿದ್ದಿರುವ ದುಡ್ಡು ಗಿರಾಕಿಯದು, ಮುಟ್ಟಿದರೆ ಕಳ್ಳತನ. ಗಿರಾಕಿ ತನ್ನ ಕೈಯಿಂದ ಬರೆದ ಚೀಟಿಯಿದ್ದರೆ ಮಾತ್ರ ಅದು ಅವಳದು. ಸಂಜೆ ಕೆಳಗೆ ಹೋಗುವಾಗ ಆ ಚೀಟಿಗಳನ್ನು ಕೌಂಟರಿನವಳಿಗೆ ಕೊಡಬೇಕು. ಕೌಂಟರಿನವಳು ಅವನ್ನು ಒಂದು ಮೊಳೆಗೆ ಚುಚ್ಚಿಡುತ್ತಿದ್ದುದನ್ನು ಆಮೇಲೆ ನಾನೇ ಕಂಡೆ.

ಅಂದಿನಿಂದ ದಿನವೂ ಭಾವ ತಿಂಡಿಗೆ ಕೆಳಗಿಳಿದ ಹೊತ್ತಿನಲ್ಲಿ ನಾನು ಆ ಪದ ಬಿಡಿಸಿಡುತ್ತಿದ್ದೆ. ಅವಳು ಬಂದರೆ ಕೋಣೆಯಲ್ಲಿ ಅರ್ಧ ಗಂಟೆ ಜನ ಇದ್ದ ಹಾಗಾಗುತ್ತಿತ್ತು. ಅವಳು ಅವಳ ಭಾಷೆಯಲ್ಲಿ, ನಾನು ಕನ್ನಡದಲ್ಲಿ, ಹಾಸಿಗೆಯ ಆಚೆ ಈಚೆ ನಿಂತು ಚಾದರದ ತುದಿ ಹಿಡಿದು ಮಾತಾಡುತ್ತಿದ್ದೆವು. ಬಹುಶಃ ಅವಳು ಮಂಡಿನೋವಿನ ಬಗ್ಗೆ ಹೇಳುತ್ತಿದ್ದಳು. ನಾನು ಏನೇನೋ ಹೇಳುತ್ತಿದ್ದೆ.

"ಅರ್ಥ ಆಗೋ ಹಾಗೆ ಹೂಂಗುಟ್ತೀಯಲ್ಲೇ" ಎನ್ನುತ್ತಿದ್ದಳು ಅಕ್ಕ, ದಿಂಬಿನ ಒಳಗಿನಿಂದ. "ಇಷ್ಟು ಮಾತು ನೀನು ಮನೇಲಿ ಆಡಿದ್ದು ನಾನು ಕೇಳಿಲ್ಲ."

ಎರಡು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಅಕ್ಕನನ್ನು ಆಸ್ಪತ್ರೆಗೆ ತೋರಿಸಿಕೊಂಡು ಕೋಣೆಗೆ ಬಂದರೆ ಕಿಟಕಿಯ ಕೆಳಗೆ ನೆಲದ ಮೇಲೊಂದು ಹಾಸಿಗೆ ಇತ್ತು. ದಪ್ಪನೆಯ ಹಾಸಿಗೆ, ಇಸ್ತ್ರಿ ಮಾಡಿದ ಬಿಳಿಯ ಚಾದರ, ಎರಡು ದಿಂಬು. ಹೊದಿಕೆಯ ಒಂದು ಮೂಲೆಯನ್ನು ತ್ರಿಕೋನವಾಗಿ ಮಡಚಿ, ಬಂದು ಮಲಗು ಎಂದು ಕರೆಯುವ ಹಾಗೆ ಬಿಟ್ಟಿದ್ದಳು ಕೆಲಸದವಳು. ಗಿರಾಕಿಗೆ ಹಾಸುವ ಹಾಗೆ. ನಾನು ಕುರ್ಚಿಯಲ್ಲಿ ರಾತ್ರಿ ಕಳೆಯುತ್ತಿದ್ದುದನ್ನು ಅವಳು ಯಾವಾಗ ಗಮನಿಸಿದ್ದಳೋ. ಬಾಗಿಲಲ್ಲಿ ನಿಂತು ನನ್ನ ಬೆನ್ನು ತೋರಿಸಿ, ಹಾಸಿಗೆ ತೋರಿಸಿ, ಕೈ ಕೆನ್ನೆಗಿಟ್ಟು ತಲೆ ವಾಲಿಸಿ, ಹೊರಟುಹೋದಳು.

ಭಾವ ನೋಡಿ, "ಇದಕ್ಕೆ ಬೇರೆ ಚಾರ್ಜ್ ಹಾಕ್ತಾರೇನೋ ಕೇಳು" ಅಂದರು ಅಷ್ಟೆ.

ನಾನು ಅದರ ಮೇಲೆ ಕೂತು ಚಾದರ ಸವರಿದೆ. ನನ್ನ ತಾಯಿ ಹೋದ ಮೇಲೆ ನನಗೆಂದು ಯಾರೂ ಹಾಸಿಗೆ ಹಾಸಿರಲಿಲ್ಲ. ಗಂಡನ ಮನೆಯಲ್ಲಿ ಎಲ್ಲರದನ್ನೂ ಹಾಸಿ ಉಳಿದ ಜಾಗದಲ್ಲಿ ಮಲಗಿದೆ. ಅಕ್ಕನ ಮನೆಯಲ್ಲಿ ಐದು ಹಾಸಿಗೆ ಹಾಸಿ, ಬೆಳಿಗ್ಗೆ ಐದನ್ನೂ ಸುತ್ತಿ, ನನ್ನ ಚಾಪೆಯನ್ನು ಬಾಗಿಲ ಹಿಂದೆ ನಿಲ್ಲಿಸುತ್ತೇನೆ. ಇದನ್ನು ಕಷ್ಟ ಎಂದು ನಾನು ಎಂದೂ ಎಣಿಸಿದವಳಲ್ಲ. ಆ ತ್ರಿಕೋನದ ಮಡಿಕೆ ನೋಡಿದ ಮೇಲೆ ಎಣಿಸದೆ ಇರಲಾಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕರವಸ್ತ್ರದ ಗಂಟಿನಲ್ಲಿದ್ದ ಒಂದೇ ಒಂದು ದೊಡ್ಡ ನೋಟನ್ನು ತೆಗೆದೆ. ಪುಸ್ತಕದಿಂದ ಒಂದು ಚೀಟಿ ಹರಿದುಕೊಂಡೆ. ಆ ಪದ ಬಿಡಿಸಲು ಕೈ ಹೋಗಲಿಲ್ಲ. ದಿನಾ ಬಿಡಿಸಿ ಬಿಡಿಸಿ ಅದು ನಾಣ್ಯದ ಹಾಗೇ ಸವೆದಿತ್ತು. ಕನ್ನಡದಲ್ಲಿ ಬರೆದೆ. ಅವಳಿಗೆ ಓದಲು ಬಾರದು, ಅದಕ್ಕೇ ಧೈರ್ಯ ಬಂತು.

'ಒಂಬತ್ತು ವರ್ಷದಿಂದ ಅಕ್ಕನ ಮನೆಯಲ್ಲಿ ಎಲ್ಲರ ಹಾಸಿಗೆ ನಾನು ಹಾಸುತ್ತೇನೆ. ಆ ಮನೆಯಲ್ಲಿ ನಾನು ಇದ್ದೇನೆ ಎಂದು ಯಾರಿಗೂ ಗೊತ್ತಾಗದ ಹಾಗೆ ಇರುವುದನ್ನು ಕಲಿತಿದ್ದೇನೆ. ನೀವು ನೋಡಿದಿರಿ. ಈ ದುಡ್ಡು ನನ್ನ ಸ್ವಂತದ್ದು. ತೆಗೆದುಕೊಳ್ಳಿ.'

ತಟ್ಟೆಯಲ್ಲಿಟ್ಟು ಗ್ಲಾಸು ಹೇರಿದೆ. ಅವಳು ಬಂದು, ನೋಟು ನೋಡಿ, ನನ್ನ ಮುಖ ನೋಡಿ, ತಲೆಯಾಡಿಸಿದಳು. ನಾನು ಅವಳ ಬೆರಳುಗಳನ್ನು ಮಡಚಿ ಅದರೊಳಗೆ ನೋಟನ್ನೂ ಚೀಟಿಯನ್ನೂ ಸೇರಿಸಿದೆ. ಚೀಟಿ ತಿರುಗಿಸಿ ಮುರುಗಿಸಿ ನೋಡಿದಳು. ನಮ್ಮ ಅಕ್ಷರದ ದುಂಡಗಿನ ಸುಳಿಗಳ ಮೇಲೆ ಬೆರಳಾಡಿಸಿ ಏನೋ ಅಂದಳು. ಚೆನ್ನಾಗಿದೆ ಅಂದಿರಬೇಕು.

ಅದೇ ಮಧ್ಯಾಹ್ನ ಭಾವ ತಮ್ಮ ಲಕೋಟೆ ತೆಗೆದು ಮಂಚದ ಮೇಲೆ ಎರಡು ಸಲ ಎಣಿಸಿದರು. ಮೂರನೆಯ ಸಲ ಎಣಿಸುವಾಗ ಅವರ ಕಿವಿ ಕೆಂಪಾಗಿತ್ತು.

"ಒಂದು ದೊಡ್ಡ ನೋಟು ಇಲ್ಲ."

"ಸರಿಯಾಗಿ ನೋಡಿ" ಅಂದಳು ಅಕ್ಕ.

"ನಾನೇನು ಎಣಿಸೋಕ್ಕೆ ಬರದೋನಾ? ಬೆಳಿಗ್ಗೆ ನಾನು ಮೇಲೆ ಬರ್ತಿದ್ದಾಗ ಆ ಗುಡಿಸೋಳು ವರಾಂಡದಲ್ಲಿ ನಿಂತು ಒಂದು ದೊಡ್ಡ ನೋಟನ್ನು ಮಡಚಿ ಜೇಬಿಗೆ ಹಾಕ್ಕೊಳ್ತಿದ್ದಳು. ಕಣ್ಣಾರೆ ನೋಡಿದ್ದೀನಿ. ಇವಳಿಗೆಲ್ಲಿಂದ ಬಂತಪ್ಪಾ ಅಂತ ಆಗ್ಲೇ ಅನ್ನಿಸ್ತು."

ಆಗಲೇ ಹೇಳಬಹುದಿತ್ತು. ಹೇಳಬೇಕು ಎಂದು ಬಾಯಿ ತೆರೆಯುವುದರೊಳಗೆ ಅವರು ಮೆಟ್ಟಿಲಿಳಿಯುತ್ತಿದ್ದರು. ನಾನು ಹಿಂದೆ ಓಡಿದೆ. ಮೆಟ್ಟಿಲ ಮೇಲೆ ಭಾವ ಎಂದು ಕರೆದೆ ಕೂಡ. "ನೀನು ಸುಮ್ನಿರು, ಇದು ನಾನು ನೋಡ್ಕೊಳ್ತೀನಿ" ಎಂದರು.

ಕೌಂಟರಿನವಳು ದಪ್ಪ ಕನ್ನಡಕದ, ಮೆದು ಮಾತಿನ ಹೆಂಗಸು. ಭಾವನ ಫೋನು ದೂರನ್ನೆಲ್ಲ ಆ ಸುಖದುಃಖವಿಲ್ಲದ ದನಿಯಲ್ಲಿ ಹೇಳಿ ಮುಗಿಸಿತು. ಅವಳು ಯಾರನ್ನೋ ಕಳಿಸಿ ಕೆಲಸದವಳನ್ನು ಕರೆಸಿದಳು. ಅವಳು ಕುಂಟುತ್ತಾ, ಕೈ ಒರೆಸಿಕೊಳ್ಳುತ್ತಾ ಬಂದಳು. ನನ್ನನ್ನು ಕಂಡು ಮುಗುಳ್ನಕ್ಕಳು. ಕೌಂಟರಿನವಳು ಕೇಳಿದ್ದಕ್ಕೆ ಗಾಬರಿಯೇನೂ ಇಲ್ಲದೆ ಜೇಬಿನಿಂದ ನೋಟನ್ನೂ ಚೀಟಿಯನ್ನೂ ತೆಗೆದು ಮೇಜಿನ ಮೇಲಿಟ್ಟು, ನನ್ನ ಕಡೆ ಕೈ ತೋರಿಸಿದಳು.

ಕೌಂಟರಿನವಳು ಚೀಟಿ ನೋಡಿದಳು. ಕನ್ನಡಕ ಹಣೆಗೆ ಏರಿಸಿ ಮತ್ತೆ ನೋಡಿದಳು. ಅದರಲ್ಲಿ ಅವಳಿಗೆ ಗೊತ್ತಿರುವ ಪದ ಇರಲಿಲ್ಲ. ಭಾವನ ಕಡೆ ತಿರುಗಿಸಿ ಇಟ್ಟಳು.

ಆ ಇಡೀ ಊರಿನಲ್ಲಿ ಆ ಚೀಟಿ ಓದಬಲ್ಲವರು ಮೂವರು. ಒಬ್ಬಳು ಮಹಡಿಯ ಕೋಣೆಯಲ್ಲಿ ಮುಖ ಕೆಳಗೆ ಮಾಡಿ ಮಲಗಿದ್ದಳು, ಅಕ್ಷರ ಕಾಣದೆ. ಉಳಿದವರು ನಾವಿಬ್ಬರು.

ಭಾವ ಓದಿದರು. ನಾಲ್ಕು ಸಾಲು ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ಅವರ ಕಣ್ಣು ಕೊನೆಗೆ ಹೋಗಿ ಮತ್ತೆ ಮೊದಲಿಗೆ ಬಂದದ್ದು ನನಗೆ ಕಂಡಿತು. ಈ ದುಡ್ಡು ನನ್ನ ಸ್ವಂತದ್ದು ಎಂಬುದನ್ನು ಅವರು ಓದಿದರು. ಆದರೆ ಅವರು ನಿಂತದ್ದು ಅಲ್ಲಿ ಅಲ್ಲ, ಅದಕ್ಕಿಂತ ಮೇಲಿನ ಸಾಲಿನಲ್ಲಿ. ಒಂಬತ್ತು ವರ್ಷ ಸಾಕಿದ ಮನುಷ್ಯ. ಅವರ ಮುಖ ಮೊದಲು ಬಿಳಿಚಿತು, ಆಮೇಲೆ ಮುಚ್ಚಿಕೊಂಡಿತು. ಅಂಗಡಿಯ ಕದ ಎಳೆದ ಹಾಗೆ.

ಚೀಟಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಫೋನಿಗೆ ಹೇಳಿದರು. "ಇದು ನಮ್ಮ ಮನೆಯ ಸಾಮಾನಿನ ಪಟ್ಟಿ. ಕಸದ ಬುಟ್ಟಿಯಿಂದ ಎತ್ತಿಕೊಂಡಿರಬೇಕು."

ಫೋನು ಅದನ್ನು ಹೇಳಿತು. ಕೆಲಸದವಳ ನಗು ಒಂದು ಕ್ಷಣ ಮುಖದಲ್ಲೇ ಉಳಿದಿತ್ತು, ಕೇಳಿದ್ದು ಇನ್ನೂ ಒಳಗೆ ಇಳಿಯದ ಹಾಗೆ. ಆಮೇಲೆ ಅವಳು ನನ್ನ ಕಡೆ ತಿರುಗಿ ಬೇಗ ಬೇಗ ಮಾತಾಡಿದಳು. ಕೌಂಟರಿನವಳೂ ನನ್ನನ್ನೇ ನೋಡಿ ಏನೋ ಕೇಳಿದಳು. ಭಾವ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದರು. ಅದರ ಗಾಜಿನ ಮೇಲೆ ಒಂದು ಪುಟ್ಟ ಕೆಂಪು ಬೆಳಕು ಉರಿಯುತ್ತಿತ್ತು.

"ನೀನು ಕೊಟ್ಟಿದ್ದಾ ಅಂತ ಕೇಳ್ತಿದ್ದಾರೆ. ಹೇಳು" ಅಂದರು. ತಣ್ಣಗೆ. "ಕೊಟ್ಟಿದ್ರೆ ಕೊಟ್ಟೆ ಅನ್ನು. ಆಮೇಲೆ ಏನು ಬರ್ದಿದ್ದೀಯ ಅಂತ ಮೇಲೆ ಹೋಗಿ ನಿನ್ನ ಅಕ್ಕನಿಗೂ ಓದಿ ಹೇಳು."

ಭಾಷೆ ಬರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಳ್ಳಲು ನೋಡಿದ್ದೇನೆ. ಸುಳ್ಳು. ಕನ್ನಡ ಬರುತ್ತಿತ್ತು. ಎರಡು ಪದ ಸಾಕಿತ್ತು, ನಾನು ಕೊಟ್ಟೆ ಅಂತ. ಉಳಿದದ್ದನ್ನು ಆ ದನಿ ಹೇಳಿಬಿಡುತ್ತಿತ್ತು. ಆದರೆ ನನಗೆ ಆಗ ಕಂಡದ್ದು ಅಕ್ಕನ ಮನೆಯ ಬಾಗಿಲು. ಅದರ ಹಿಂದೆ ನಿಲ್ಲಿಸಿದ ಚಾಪೆ. ಐವತ್ತೊಂದನೆಯ ವಯಸ್ಸಿನಲ್ಲಿ ಅದನ್ನು ಕಂಕುಳಲ್ಲಿ ಹಿಡಿದು ಬೀದಿಯಲ್ಲಿ ನಿಂತ ನಾನು.

"ನನಗೆ ಗೊತ್ತಿಲ್ಲ" ಅಂದೆ.

ಫೋನು ಅದನ್ನೂ ಹೇಳಿತು. ಚೊಕ್ಕವಾಗಿ, ಒಂದಿಷ್ಟೂ ತಡವರಿಸದೆ.

ಕೌಂಟರಿನವಳು ಮೊಳೆಯಲ್ಲಿದ್ದ ಹಳೆಯ ಚೀಟಿಗಳನ್ನು ಬಿಡಿಸಿ ನೋಡಿದಳು. ಎಲ್ಲದರಲ್ಲೂ ಆ ಒಂದು ಪದ, ನನ್ನ ಸೊಟ್ಟ ಅಕ್ಷರ. ಅದನ್ನು ಕಂಡು ಅವಳಿಗೆ ಅನುಮಾನ ಬಂದೀತೇ ಎಂದು ನಾನು ಅವಳ ಮುಖವನ್ನೇ ನೋಡಿದೆ. ಬಂದರೆ ಸಾಕು ಎಂದು ಬೇಡಿಕೊಂಡೆ, ಬರದಿರಲಿ ಎಂದೂ. ಅವಳು ಚೀಟಿಗಳನ್ನು ಮತ್ತೆ ಮೊಳೆಗೆ ಚುಚ್ಚಿದಳು. ಪದವಿದ್ದ ದಿನ ಕೊಟ್ಟದ್ದು, ಪದವಿಲ್ಲದ ದಿನ ಕದ್ದದ್ದು. ಅವರ ಲೆಕ್ಕ ಅಷ್ಟು ನೇರ. ನೋಟನ್ನು ಭಾವನಿಗೆ ಕೊಟ್ಟು, ತಲೆ ಬಾಗಿಸಿ ಕ್ಷಮೆ ಕೇಳಿದಳು. ಆಮೇಲೆ ಕೆಲಸದವಳ ಕಡೆ ಕೈ ಚಾಚಿದಳು. ಅವಳು ಸೊಂಟದಿಂದ ಬೀಗದ ಕೈಗಳ ಗೊಂಚಲು ಬಿಚ್ಚಿದಳು. ಏಪ್ರನ್ನಿನ ಗಂಟು ಬೆನ್ನ ಹಿಂದೆ ಬಿಗಿದುಕೊಂಡಿತ್ತು, ಕೈಗೆ ಸಿಗಲಿಲ್ಲ. ನಾನು ಅವಳ ಹಿಂದೆಯೇ ನಿಂತಿದ್ದೆ. ಕೈ ಮುಂದೆ ಮಾಡಿದೆ. ಅವಳು ಸರಿದು ನಿಂತಳು. ತಾನೇ ಎಳೆದು ಎಳೆದು ಬಿಚ್ಚಿದಳು.

ಮೇಲೆ ಬಂದ ಮೇಲೆ ಭಾವ ನೋಟನ್ನು ಚೀಟಿಯೊಳಗೇ ಮಡಚಿ, ಕಿಟಕಿಯ ಕೆಳಗಿನ ಹಾಸಿಗೆಯ ಮೇಲೆ ಇಟ್ಟರು.

"ತಗೋ. ನಿನ್ನ ಸ್ವಂತದ್ದು ಅಂತ ಬರ್ದಿದ್ದೀಯಲ್ಲ."

ಅಷ್ಟೇ. ಆಮೇಲೆ ಅದರ ಬಗ್ಗೆ ಅವರು ಮಾತೆತ್ತಲಿಲ್ಲ. ಎರಡು ದಿನ ಬಿಟ್ಟು ಅವರ ಪ್ಯಾಂಟು ಒಗೆಯಲು ತೆಗೆದಾಗ ಹಿಂದಿನ ಜೇಬಿನಲ್ಲಿ ಔಷಧಿ ಅಂಗಡಿಯ ರಸೀತಿ ಸಿಕ್ಕಿತು. ಅವರ ಲಕೋಟೆಯಿಂದ ಕಾಣೆಯಾದ ದೊಡ್ಡ ನೋಟನ್ನು ಅಲ್ಲಿ ಮುರಿಸಿದ ಲೆಕ್ಕ ಅದರಲ್ಲಿತ್ತು. ನಾನು ರಸೀತಿಯನ್ನು ಮೇಜಿನ ಮೇಲೆ, ಅವರ ಕನ್ನಡಕದ ಪಕ್ಕ, ಬಿಡಿಸಿ ಇಟ್ಟೆ. ಸಂಜೆ ಅದು ಅಲ್ಲಿರಲಿಲ್ಲ. ರಾತ್ರಿ ಅವರು ಊಟ ಮಾಡಲಿಲ್ಲ. ತಲೆನೋವು ಅಂದರು.

ಕೆಲಸದವಳು ಹೋದ ದಿನವೇ ಚೀಟಿಯ ವಿಷಯ ಅಕ್ಕನಿಗೆ ಅವರೇ ಹೇಳಿದ್ದರು. ಮರುದಿನ ಬೆಳಿಗ್ಗೆ ತಲೆ ಬಾಚುವಾಗ ಅವಳು ನೆಲ ನೋಡಿಕೊಂಡೇ ಕೇಳಿದಳು.

"ನಮ್ಮನೇಲಿ ನಿಂಗೆ ಅಷ್ಟು ಕಷ್ಟ ಆಯ್ತಾ?"

"ಇಲ್ಲಕ್ಕ."

"ಮತ್ತೆ ಹಾಗ್ಯಾಕೆ ಬರೆದೆ? ಪರದೇಶದ ಗುಡಿಸೋಳ ಹತ್ರ ಹೇಳ್ಕೊಳ್ಳೋದು, ಒಡಹುಟ್ಟಿದವಳ ಹತ್ರ ಹೇಳಬಾರ್ದಿತ್ತಾ?"

"ಅವಳಿಗೆ ಓದೋಕ್ಕೆ ಬರಲ್ಲ ಅಂತ ಬರೆದೆ."

ಅಕ್ಕ ಅತ್ತಳು. ಕಣ್ಣೀರು ಬರಬಾರದು, ಡಾಕ್ಟರು ಹೇಳಿದ್ದರು. ನಾನು ಹತ್ತಿಯಿಂದ ಒತ್ತಿ ಒತ್ತಿ ತೆಗೆದೆ, ಒಂದು ತೊಟ್ಟೂ ಒಳಗೆ ನಿಲ್ಲದ ಹಾಗೆ. "ಅವ್ರು ಬಾಯಿ ಬಿಟ್ಟು ಹೇಳಲ್ಲ ಅಷ್ಟೆ. ತುಂಬಾ ನೊಂದ್ಕೊಂಡಿದ್ದಾರೆ ಕಣೇ" ಅಂದಳು. "ನೀನು ಅಲ್ಲಿ ಸುಮ್ನಿದ್ದದ್ದೇ ಒಳ್ಳೇದಾಯ್ತು. ಎಲ್ಲರೆದುರಿಗೆ ಅವ್ರ ಮುಖ ಏನಾಗ್ತಿತ್ತು?" ಕೆಲಸದವಳ ಮುಖ ಏನಾಯಿತೆಂದು ಅವಳು ಕೇಳಲಿಲ್ಲ. ಅವಳು ಆ ಮುಖವನ್ನು ನೋಡಿಯೇ ಇರಲಿಲ್ಲ.

ಅದೇ ಮಧ್ಯಾಹ್ನ, ಭಾವ ಆಸ್ಪತ್ರೆಯಲ್ಲಿ ಸಾಲಿನಲ್ಲಿ ನಿಂತಿದ್ದಾಗ, ನಾನು ಕೆಳಗಿಳಿದು ಹೋದೆ. ಪುಸ್ತಕ ತೆಗೆದುಕೊಂಡಿದ್ದೆ, ನೋಟು ತೆಗೆದುಕೊಂಡಿದ್ದೆ, ಚೀಟಿಯನ್ನೂ. ಮೆಟ್ಟಿಲ ಮೇಲೆ ಹತ್ತು ಸಲ ಬಾಯಿಪಾಠ ಮಾಡಿದ್ದೆ. ಕೌಂಟರಿನ ಮುಂದೆ ನಿಂತು, ಇದ್ದ ಪದಗಳನ್ನೆಲ್ಲ ಒಂದೊಂದಾಗಿ ಇಟ್ಟೆ. ಹೆಂಗಸು. ಕೋಣೆ. ಒಳ್ಳೆಯದು. ಹಣ. ನಾನು. ನಾನು. ನೋಟನ್ನು ನನ್ನ ಎದೆಗೆ ಒತ್ತಿ ತೋರಿಸಿ, ದೂರಕ್ಕೆ ಚಾಚಿದೆ. ಮಂಡಿ ಮಡಚಲಾರದೆ ನಡೆಯುವುದನ್ನೂ ನಡೆದು ತೋರಿಸಿದೆ. ಅಲ್ಲಿ ಕೂತಿದ್ದ ಇಬ್ಬರು ಪ್ರವಾಸಿಗರು ಪತ್ರಿಕೆ ಕೆಳಗಿಳಿಸಿ ನೋಡಿದರು.

ಕೌಂಟರಿನವಳು ಬಹಳ ತಾಳ್ಮೆಯಿಂದ ಕೇಳಿಸಿಕೊಂಡಳು. ಅವಳ ಕಣ್ಣಲ್ಲಿ ಕನಿಕರ ಇತ್ತು. ತಲೆಯಾಡಿಸಿ ಒಳಗೆ ಹೋದಳು. ಅಲ್ಲೇ ಕಾದು ನಿಂತೆ, ಕೆಲಸದವಳನ್ನು ಕರೆತರಲು ಹೋದಳೇನೋ ಎಂದು. ತಿರುಗಿ ಬಂದಾಗ ಅವಳ ಕೈಯಲ್ಲಿ ಎರಡು ಟವೆಲ್ಲು ಇದ್ದವು. ತೊಳೆದು ಮಡಚಿದವು, ಇನ್ನೂ ಬೆಚ್ಚಗಿದ್ದವು. ನನ್ನ ತೋಳಿನ ಮೇಲೆ ಇಟ್ಟು, ನೋಟನ್ನು ನನ್ನ ಮುಷ್ಟಿಯೊಳಗೇ ಮುಚ್ಚಿ, ದುಡ್ಡು ಬೇಡ ಎಂದು ಕೈಯಾಡಿಸಿದಳು.

ನಾನು ಧನ್ಯವಾದ ಹೇಳಿದೆ. ಆ ಪದ ಮಾತ್ರ ಸರಿಯಾಗಿ ಬಂತು.

ಆಮೇಲೆ ಬಂದ ಹೊಸ ಕೆಲಸದವಳು ನನ್ನ ಕಡೆ ನೋಡುತ್ತಿರಲಿಲ್ಲ. ಚುರುಕು ಹುಡುಗಿ. ಬಂದ ಮೊದಲ ದಿನವೇ ಕಿಟಕಿಯ ಕೆಳಗಿನ ಹಾಸಿಗೆಯನ್ನು ಸುತ್ತಿ ಒಯ್ದಳು. ಆ ಕೋಣೆಯ ಪಟ್ಟಿಯಲ್ಲಿ ಅದು ಇರಲಿಲ್ಲವೇನೋ. ನಾನು ತಡೆಯಲಿಲ್ಲ. ಸಂಜೆಯ ಹೊತ್ತು ಅಕ್ಕನಿಗೆ ಬ್ರೆಡ್ಡು ತರಲು ಹೋದಾಗ ಆ ಬೀದಿಯಲ್ಲೂ ಮುಂದಿನ ಬೀದಿಯಲ್ಲೂ ಕುಂಟುವ ಹೆಂಗಸರನ್ನು ಹುಡುಕಿಕೊಂಡು ನಡೆದೆ. ಒಬ್ಬಿಬ್ಬರು ಸಿಕ್ಕಿದರು. ಯಾರೂ ಅವಳಲ್ಲ. ಸಿಕ್ಕಿದ್ದರೆ ಏನು ಹೇಳುತ್ತಿದ್ದೆ ಎಂದು ಯೋಚಿಸಿದರೆ ಕಾಲು ನಿಧಾನವಾಗುತ್ತಿತ್ತು. ಅವಳ ಹೆಸರೂ ನನಗೆ ಗೊತ್ತಿರಲಿಲ್ಲ. ಅದನ್ನು ಕೇಳುವುದು ಹೇಗೆಂದು ಪುಸ್ತಕದಲ್ಲಿ ಬರೆದುಕೊಂಡಿದ್ದೆ, ಕೇಳಿರಲಿಲ್ಲ.

ನಾಲ್ಕನೆಯ ವಾರದ ಕೊನೆಗೆ ಡಾಕ್ಟರು ಗುಳ್ಳೆ ಕರಗಿದೆ, ಹೊರಡಬಹುದು ಅಂದರು. ಅಕ್ಕ ಮುಖ ಎತ್ತಿ ಕೋಣೆಯನ್ನು ಮೊದಲ ಸಲ ನೇರವಾಗಿ ನೋಡಿ, "ಇಷ್ಟೇನಾ, ಇಷ್ಟು ಚಿಕ್ಕದಾ" ಅಂದಳು. ಭಾವ ಬಹಳ ದಿನದ ಮೇಲೆ ನಕ್ಕರು. ಪೆಟ್ಟಿಗೆಗಳನ್ನು ಹೊರಗೆಳೆದರು. ನನ್ನ ಜೊತೆಗೂ ಮಾತು ಶುರುವಾಯಿತು.

"ಮನೆಗೆ ಹೋದ್ಮೇಲೆ ಇವಳಿಗೊಂದು ಮಂಚ ಮಾಡಿಸಬೇಕು" ಅಂದಳು ಅಕ್ಕ. "ಹಿಂದಿನ ಕೋಣೇಲಿ ಹಿಡಿಸುತ್ತೆ."

"ಮಾಡಿಸೋಣ" ಅಂದರು ಭಾವ, ಪೆಟ್ಟಿಗೆಯ ಪಟ್ಟಿ ಬಿಗಿಯುತ್ತಾ. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. "ಒಳ್ಳೇ ಮರದ್ದೇ ಮಾಡಿಸೋಣ."

"ಹೇಳೇ, ಯಾವ ಬಣ್ಣ ಬೇಕು ನಿಂಗೆ? ಬಣ್ಣಕ್ಕೇನು ಬರ ನಮ್ಮನೇಲಿ."

"ಯಾವುದಾದ್ರೂ ಸರಿ" ಅಂದೆ.

ಒಂದು ಮಂಚ. ಅವರು ಮನಸಾರೆ ಕೊಡುತ್ತಿದ್ದರು, ಅದು ನನಗೆ ಕಾಣುತ್ತಿತ್ತು. ನಾನು ಬಾಯಿ ಬಿಟ್ಟಿದ್ದರೆ ಈ ಮಂಚ ಇರುತ್ತಿರಲಿಲ್ಲ. ಎಲ್ಲೋ ಒಬ್ಬಳು ಹೆಂಗಸು ಬೇರೆ ಲಾಡ್ಜಿನ ಮೆಟ್ಟಿಲ ಮೇಲೆ ನಿಂತು, ಹಿಂದಿನ ಕೆಲಸ ಯಾಕೆ ಬಿಟ್ಟೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾಗ, ನಾನು ಅದರ ಮೇಲೆ ಕಾಲು ಚಾಚಿ ಮಲಗಬೇಕು. ವ್ಯಾಪಾರ ಸರಿಯಾಗಿತ್ತು. ಕೊಟ್ಟದ್ದು ಮಾತ್ರ ನನ್ನದಾಗಿರಲಿಲ್ಲ.

ಭಾವ ಮೂರು ರಟ್ಟಿನ ಚೀಟಿಗಳನ್ನು ನನ್ನ ಮುಂದೆ ಹಾಕಿದರು. ಪೆಟ್ಟಿಗೆಗಳಿಗೆ ಕಟ್ಟಲು.

"ಮೂರಕ್ಕೂ ಹೆಸರು, ಮನೆ ವಿಳಾಸ ಬರಿ. ಕಳೆದುಹೋದ್ರೆ ಮನೆಗೆ ತಂದ್ಕೊಡ್ತಾರೆ."

ಅವರಿಬ್ಬರದು ಬರೆದೆ. ನನ್ನದರ ಮೇಲೆ ಹೆಸರು ಬರೆದು ಪೆನ್ನು ಹಿಡಿದುಕೊಂಡು ಕೂತೆ. ಹೊಲಿಗೆ ಅಂಗಡಿಯ ಒಡತಿ, ಮೆಷಿನ್ನುಗಳ ಹಿಂದಿನ ಕೋಣೆ ಸುಮ್ಮನೆ ಬಿದ್ದಿದೆ, ಬೇಕಾದರೆ ಇರು, ಬಾಡಿಗೆಗೆ ಬದಲು ಬೆಳಿಗ್ಗೆ ಅಂಗಡಿ ತೆಗೆ ಎಂದು ಹಿಂದೆ ಹೇಳಿದ್ದಳು. ಅಕ್ಕ ಇರುವಾಗ ನನಗ್ಯಾಕೆ ಎಂದು ನಕ್ಕಿದ್ದೆ. ಬಟ್ಟೆಯ ಮೂಟೆಗಳ ನಡುವೆ ಒಬ್ಬಳು ಮಲಗುವಷ್ಟು ಜಾಗ, ಬೀದಿಯ ಕಡೆ ಒಂದು ಗವಾಕ್ಷಿ. ಅಕ್ಕನ ಮನೆಗೆ ಅಲ್ಲಿಂದ ಹತ್ತು ನಿಮಿಷ. ಕಣ್ಣಿಗೆ ಹನಿ ಹಾಕಲು ದಿನಕ್ಕೆ ನಾಲ್ಕು ಸಲ ಬಂದು ಹೋಗಬಹುದು. ಅದಕ್ಕೆ ಅವಳ ಮನೆಯಲ್ಲೇ ಮಲಗಬೇಕೆಂದಿಲ್ಲ.

ಇದರಿಂದ ಆ ಕೆಲಸದವಳಿಗೆ ಏನೂ ಸಿಗುವುದಿಲ್ಲ. ಅವಳಿಗೆ ತಿಳಿಯುವುದೂ ಇಲ್ಲ. ಅವಳ ಕೆಲಸ ಹೋದದ್ದು ಹೋಯಿತು, ಅವಳ ಲೆಕ್ಕದಲ್ಲಿ ನಾನು ಏನಾಗಬೇಕೋ ಅದಾಗಿದ್ದೇನೆ. ಅಷ್ಟು ಗೊತ್ತಿದ್ದೇ ಬರೆದೆ. ಅಂಗಡಿಯ ಹೆಸರು, ಬೀದಿಯ ಹೆಸರು, ಹಿಂದಿನ ಬಾಗಿಲು.

"ಬರೆದ್ಯಾ?" ಅಂದರು ಭಾವ, ಬಚ್ಚಲಿನಿಂದ.

"ಬರೆದೆ" ಎಂದು, ಚೀಟಿಯ ಬರೆದ ಬದಿಯನ್ನು ಒಳಗೆ ಮಾಡಿ ದಾರ ಕಟ್ಟಿದೆ.